ಕಣ್ಣಿಗೆ ಬೀಳದವುಗಳ ಕರೆ: ಜೊಂಡಿನ ಉಲಿಯಕ್ಕಿ ಮತ್ತು ಮಣ್ಣಡಿಯ ಟ್ರಫಲ್

ಜೊಂಡಿನ ನಡುವೆ ಬದುಕುವ ಉಲಿಯಕ್ಕಿ ಎಂಬ ಪುಟ್ಟ ಹಾಡುಹಕ್ಕಿಯನ್ನೂ ಓಕ್ ಮರದ ಬೇರಿನ ಬಳಿ ಮಣ್ಣಿನೊಳಗೆ ಬಲಿಯುವ ಟ್ರಫಲ್ ಎಂಬ ಶಿಲೀಂಧ್ರವನ್ನೂ ಅಕ್ಕಪಕ್ಕ ಇಟ್ಟು ನೋಡಲು ಹೊರಟರೆ, ಇವೆರಡಕ್ಕೂ ಎಲ್ಲಿಗೆಲ್ಲಿಯ ಸಂಬಂಧ ಎಂದು ಯಾರಾದರೂ ಕೇಳುವುದು ಸಹಜ. ಒಂದು ಪ್ರಾಣಿ, ಇನ್ನೊಂದು ಪ್ರಾಣಿಯೂ ಅಲ್ಲ ಸಸ್ಯವೂ ಅಲ್ಲ. ಒಂದು ವರ್ಷಕ್ಕೆರಡು ಬಾರಿ ಸಾವಿರಾರು ಕಿಲೋಮೀಟರ್ ಹಾರುತ್ತದೆ, ಇನ್ನೊಂದು ಹುಟ್ಟಿದ ಮಣ್ಣಿನಿಂದ ತಾನಾಗಿ ಅಂಗುಲವೂ ಕದಲದು. ಆದರೂ ಎರಡರ ಮುಂದಿರುವ ತೊಡಕು ಒಂದೇ. ಎರಡೂ ಕಣ್ಣಿಗೆ ಕಾಣದ ಕಡೆ ವಾಸಿಸುತ್ತವೆ, ಎರಡರ ಸಂತತಿಯೂ ಮುಂದುವರಿಯಬೇಕಾದರೆ ಬೇರೊಂದು ಜೀವಿ ಅವುಗಳನ್ನು ಹುಡುಕಿಕೊಂಡು ಬರಲೇಬೇಕು. ಗಂಡು ಹಕ್ಕಿಯ ಬಳಿಗೆ ಹೆಣ್ಣು ಬರಬೇಕು. ಟ್ರಫಲ್‌ನ ಬಳಿಗೆ ಅದನ್ನು ಅಗೆದು ತಿನ್ನುವ ಪ್ರಾಣಿ ಬರಬೇಕು. ನೋಟ ಕೆಲಸಕ್ಕೆ ಬಾರದ ಜಾಗದಲ್ಲಿ ಒಂದು ದನಿಯನ್ನು ನೆಚ್ಚಿಕೊಂಡಿತು, ಇನ್ನೊಂದು ವಾಸನೆಯನ್ನು. ಈ ಎರಡು ಉಪಾಯಗಳನ್ನು ಜೊತೆಗಿಟ್ಟು ನೋಡಿದರೆ, ಬೇರೆಬೇರೆಯಾಗಿ ಓದಿದಾಗ ಹೊಳೆಯದ ಕೆಲವು ಸಂಗತಿಗಳು ತಿಳಿಯಾಗುತ್ತವೆ.

ಮುಂಬಯಿಯಲ್ಲಿರುವ ಕನ್ನಡಿಗರಿಗೆ ಈ ಎರಡರಲ್ಲಿ ಮೊದಲನೆಯದು ಮನೆಯ ಹತ್ತಿರವೇ ಇದೆ. ಮುಲುಂಡ್, ಭಾಂಡುಪ್, ಐರೋಳಿಯ ಕಡೆಯಿಂದ ಠಾಣೆ ಖಾಡಿಯತ್ತ ಇಳಿದರೆ ಕಾಂಡ್ಲಾ (ಮ್ಯಾಂಗ್ರೋವ್) ವನದ ಅಂಚಿನಲ್ಲಿ, ಸಿಹಿನೀರು ನಿಂತ ತಗ್ಗುಗಳಲ್ಲಿ ಜೊಂಡು ಮತ್ತು ಆಪು ಹುಲ್ಲು ಆಳೆತ್ತರಕ್ಕೂ ಮೀರಿ ಬೆಳೆದಿರುತ್ತವೆ. ಫ್ಲೆಮಿಂಗೊಗಳಿಗಾಗಿ 2015ರಲ್ಲಿ ಅಭಯಾರಣ್ಯವೆಂದು ಘೋಷಿತವಾಗಿ 2022ರಲ್ಲಿ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿದ ಈ ಖಾಡಿಯಲ್ಲಿ ಜನ ಸಾಮಾನ್ಯವಾಗಿ ನೋಡುವುದು ಗುಲಾಬಿ ಬಣ್ಣದ ದೊಡ್ಡ ಹಕ್ಕಿಗಳನ್ನು. ಆದರೆ ದಾರಿಯ ಬದಿಯ ಜೊಂಡಿನ ಬಳಿ ಸುಮ್ಮನೆ ನಿಂತವರಿಗೆ ಬೇರೊಂದು ಬದುಕು ಕೇಳಿಸುತ್ತದೆ. ಆಗಸ್ಟ್ ಕೊನೆಯಿಂದ ಏಪ್ರಿಲ್‌ವರೆಗೆ ನಮ್ಮಲ್ಲಿ ಚಳಿಗಾಲ ಕಳೆಯುವ ಬ್ಲೈತ್ ಜೊಂಡು ಉಲಿಯಕ್ಕಿ ಪೊದೆಗಳೊಳಗಿಂದ ‘ಚೆಕ್, ಚೆಕ್’ ಎಂದು ಕಲ್ಲಿಗೆ ಕಲ್ಲು ತಾಗಿಸಿದಂಥ ಸದ್ದು ಮಾಡುತ್ತದೆ. ಅದಕ್ಕಿಂತ ದೊಡ್ಡದಾದ, ಹದಿನೆಂಟು ಇಪ್ಪತ್ತು ಸೆಂಟಿಮೀಟರ್ ಉದ್ದದ ಇನ್ನೊಂದು ಪ್ರಭೇದ, ಶಾಸ್ತ್ರೀಯವಾಗಿ ಅಕ್ರೋಸೆಫಾಲಸ್ ಸ್ಟೆಂಟೋರಿಯಸ್, ಜೊಂಡಿನ ಒಳಗಿನಿಂದಲೇ ಒರಟು ದನಿಯಲ್ಲಿ ಒಂದೊಂದು ಪಲುಕನ್ನೂ ಎರಡು ಮೂರು ಸಲ ತಿರುಗಿಸಿ ತಿರುಗಿಸಿ ಹಾಡುತ್ತದೆ. ಗಾಳಿ ಇಲ್ಲದೆಯೂ ಒಂದು ದಂಟು ಅಲುಗಿದರೆ ಅಲ್ಲಿ ಹಕ್ಕಿ ಇದೆ ಎಂದು ತಿಳಿಯಬೇಕು. ತಾಳ್ಮೆಯಿದ್ದರೆ ಅದು ಒಂದು ಕಾಲಿನಿಂದ ಒಂದು ದಂಟನ್ನೂ ಇನ್ನೊಂದು ಕಾಲಿನಿಂದ ಪಕ್ಕದ ದಂಟನ್ನೂ ಹಿಡಿದು, ಕಾಲುಗಳನ್ನು ಅಗಲಿಸಿ, ದೇಹವನ್ನು ನಡುವೆ ತೂಗುಬಿಟ್ಟು ನಿಂತಿರುವುದು ಒಂದು ಕ್ಷಣ ಕಾಣುತ್ತದೆ. ಮೇಲೆ ಕಂದು, ಕೆಳಗೆ ಮಾಸಲು ಬಿಳಿ, ಕಣ್ಣಿನ ಮೇಲೊಂದು ತೆಳು ಗೆರೆ. ಇದಕ್ಕಿಂತ ಹೆಚ್ಚಿನ ಅಲಂಕಾರ ಅದಕ್ಕಿಲ್ಲ. ಯಾರೂ ನೋಡಲಾರದ ಜಾಗದಲ್ಲಿ ಬಣ್ಣಕ್ಕೆ ಬೆಲೆಯಿಲ್ಲ.

ಎರಡನೆಯದು ಮುಂಬಯಿಗೆ ವಿಮಾನದಲ್ಲಿ ಬರುತ್ತದೆ. ಬಾಂದ್ರಾ, ಲೋವರ್ ಪರೇಲ್‌ನ ದುಬಾರಿ ಹೋಟೆಲುಗಳ ಮೆನುವಿನಲ್ಲಿ ಅದರ ಹೆಸರನ್ನು ಕಾಣಬಹುದು. ಕೇಕ್ ಅಂಗಡಿಯ ಚಾಕೊಲೇಟ್ ಟ್ರಫಲ್‌ಗೂ ಇದಕ್ಕೂ ಆಕಾರದ ಹೋಲಿಕೆಯ ಹೊರತು ಯಾವ ನಂಟೂ ಇಲ್ಲ. ನಿಜವಾದ ಟ್ರಫಲ್ ಟ್ಯೂಬರ್ ಎಂಬ ಕುಲಕ್ಕೆ ಸೇರಿದ ಶಿಲೀಂಧ್ರಗಳ ಫಲಕಾಯ. ಫ್ರಾನ್ಸ್, ಸ್ಪೇನ್, ಇಟಲಿಗಳಲ್ಲಿ ಚಳಿಗಾಲದಲ್ಲಿ ಬಲಿಯುವ ಕಪ್ಪು ಟ್ರಫಲ್ ಮತ್ತು ಇಟಲಿಯ ಆಲ್ಬಾ ಪಟ್ಟಣದ ಹೆಸರಿನೊಂದಿಗೆ ಸೇರಿಹೋಗಿರುವ ಬಿಳಿ ಟ್ರಫಲ್ ಇವುಗಳಲ್ಲಿ ಹೆಸರುವಾಸಿ. ಕೆಲವು ಸೆಂಟಿಮೀಟರ್‌ನಿಂದ ಸುಮಾರು ಒಂದಡಿ ಆಳದವರೆಗೆ, ಓಕ್ ಅಥವಾ ಹೇಜಲ್ ಮರದ ಬೇರುಗಳ ಆಸುಪಾಸಿನಲ್ಲಿ, ಆಲೂಗಡ್ಡೆಯಂತೆ ಉರುಟಾಗಿ, ಕಪ್ಪು ಟ್ರಫಲ್ ಆದರೆ ಮೈತುಂಬ ಗಂಟುಗಂಟಾಗಿ ಅದು ಬೆಳೆಯುತ್ತದೆ. ಕೊಯ್ದರೆ ಒಳಗೆ ಅಮೃತಶಿಲೆಯ ಗೆರೆಗಳಂಥ ಬಿಳಿಯ ಎಳೆಗಳು ಕಾಣುತ್ತವೆ. ಅವುಗಳ ನಡುವಿನ ಗಾಢ ಭಾಗದಲ್ಲಿ ಬೀಜಕಗಳು, ಎಂದರೆ ಬೀಜದಂತೆ ಶಿಲೀಂಧ್ರದ ಸಂತತಿಯನ್ನು ಮುಂದುವರಿಸುವ ಸೂಕ್ಷ್ಮ ಕಣಗಳು, ಇರುತ್ತವೆ.

ಹೋಲಿಕೆ ಶುರುವಾಗುವ ಮೊದಲೇ ಒಂದು ಮಾತನ್ನು ಸರಿಪಡಿಸಿಕೊಳ್ಳಬೇಕು, ಏಕೆಂದರೆ ಈ ವಿಷಯದಲ್ಲಿ ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿಯೇ. ಹಕ್ಕಿಯ ಎದುರಿಗೆ ಇಡಬೇಕಾದದ್ದು ಟ್ರಫಲ್ ಗಡ್ಡೆಯನ್ನಲ್ಲ. ಮಾವಿನ ಮರಕ್ಕೆ ಮಾವಿನ ಹಣ್ಣು ಹೇಗೋ ಆ ಶಿಲೀಂಧ್ರಕ್ಕೆ ಗಡ್ಡೆ ಹಾಗೆ. ಶಿಲೀಂಧ್ರದ ನಿಜವಾದ ದೇಹವೆಂದರೆ ಮಣ್ಣಿನಲ್ಲಿ ಹರಡಿಕೊಂಡು ಮರದ ಬೇರಿನ ತುದಿಗಳನ್ನು ಕವಚದಂತೆ ಸುತ್ತುವ, ಬರಿಗಣ್ಣಿಗೆ ಕಾಣದಷ್ಟು ತೆಳುವಾದ ಎಳೆಗಳ ಕವಕಜಾಲ. ಆ ಜಾಲ ವರ್ಷಗಟ್ಟಲೆ ಬದುಕುತ್ತದೆ. ಗಡ್ಡೆ ಕೆಲವು ತಿಂಗಳು ಬೆಳೆದು, ಬಲಿತು, ತಿನ್ನಲ್ಪಡುತ್ತದೆ ಇಲ್ಲವೇ ಕೊಳೆಯುತ್ತದೆ. ಆದ್ದರಿಂದ ಹಕ್ಕಿಯ ದೇಹಕ್ಕೆ ಸಮನಾದದ್ದು ಕವಕಜಾಲ. ಹಕ್ಕಿಯ ಹಾಡಿಗೂ ಮೊಟ್ಟೆಗೂ ಒಟ್ಟಿಗೆ ಸಮನಾದದ್ದು ಟ್ರಫಲ್. ಹಕ್ಕಿ ಕರೆಯುವುದು ಬೇರೆ, ಮರಿ ಮಾಡುವುದು ಬೇರೆ; ಅವೆರಡರ ನಡುವೆ ಗೂಡು ಕಟ್ಟುವ, ಕಾವು ಕೊಡುವ ದೀರ್ಘ ದುಡಿಮೆಯಿದೆ. ಟ್ರಫಲ್‌ನಲ್ಲಿ ಕರೆಯೂ ಸಂತತಿಯೂ ಒಂದೇ ಮುದ್ದೆಯೊಳಗಿವೆ. ವಾಸನೆ ಹಿಡಿದು ಬಂದವರು ತಿನ್ನುವುದು ಆ ವಾಸನೆ ಸೂಸಿದ್ದನ್ನೇ; ಹೊತ್ತೊಯ್ಯುವುದು ಅದರ ಬೀಜಕಗಳನ್ನೇ. ಈ ಒಂದು ವ್ಯತ್ಯಾಸವನ್ನು ನೆನಪಿಟ್ಟರೆ ಮುಂದಿನದು ಬಹುಪಾಲು ತಾನಾಗಿ ಅರ್ಥವಾಗುತ್ತದೆ.

ವಂಶದ ದೃಷ್ಟಿಯಿಂದ ನೋಡಿದರೂ ಇವೆರಡೂ ನಾವು ತಿಳಿದಷ್ಟು ದೂರದವಲ್ಲ. ಪ್ರಾಣಿಗಳೂ ಶಿಲೀಂಧ್ರಗಳೂ ಒಂದೇ ದೊಡ್ಡ ಕವಲಿಗೆ ಸೇರಿದವು. ಅವುಗಳ ಸಮಾನ ಪೂರ್ವಜ ಬದುಕಿದ್ದದ್ದು ನೂರು ಕೋಟಿ ವರ್ಷಗಳಿಗೂ ಹಿಂದೆ. ಸಸ್ಯಗಳು ಅದಕ್ಕೂ ಮೊದಲೇ ಬೇರೆಯಾದ ಕವಲು. ಎರಡೂ ತಮ್ಮ ಆಹಾರವನ್ನು ತಾವು ತಯಾರಿಸಿಕೊಳ್ಳಲಾರವು, ಎರಡೂ ಉಳಿತಾಯದ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಇಟ್ಟುಕೊಳ್ಳುತ್ತವೆ. ತಾನು ಅಂಟಿಕೊಂಡಿರುವ ಓಕ್ ಮರಕ್ಕಿಂತ ಜೊಂಡಿನ ಹಕ್ಕಿಯೇ ಟ್ರಫಲ್‌ಗೆ ಹತ್ತಿರದ ಬಂಧು.

ಇನ್ನು ದನಿಯ ವಿಷಯ. ಜೊಂಡು ನೋಟವನ್ನು ತಡೆಯುತ್ತದೆ ಎಂಬುದು ಸ್ಪಷ್ಟ. ಅದು ಸದ್ದನ್ನೂ ತಡೆಯುತ್ತದೆ, ಆದರೆ ಎಲ್ಲ ಸದ್ದನ್ನೂ ಒಂದೇ ಸಮನಾಗಿ ಅಲ್ಲ. ಸೆಕೆಂಡಿಗೆ ಮೂರು ಸಾವಿರ ಕಂಪನಗಳ ಸ್ವರದ ಅಲೆಯುದ್ದ ಗಾಳಿಯಲ್ಲಿ ಸುಮಾರು ಹನ್ನೊಂದು ಸೆಂಟಿಮೀಟರ್. ಅಲೆ ತನಗಿಂತ ಬಹಳ ಸಣ್ಣದಾದ ಅಡ್ಡಿಯನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಅಡ್ಡಿ ಅಲೆಯುದ್ದದ ಸಮೀಪಕ್ಕೆ ಬಂದಷ್ಟೂ ಚದುರಿಹೋಗುತ್ತದೆ. ಬೆರಳು ದಪ್ಪದ ದಂಟುಗಳು, ಉದ್ದುದ್ದ ಎಲೆಗಳು, ತೂಗಾಡುವ ಹೂಗೊಂಚಲುಗಳು ತುಂಬಿರುವ ಜಾಗದಲ್ಲಿ ತೀರ ಎತ್ತರದ ಸ್ವರಗಳು ಬೇಗ ಸೋರಿಹೋಗುತ್ತವೆ, ಗಾಳಿ ಬೀಸಿದಾಗ ಜೊಂಡಿನ ಸರಸರ ಸದ್ದೇ ಮಿಕ್ಕದ್ದನ್ನು ಮುಚ್ಚಿಹಾಕುತ್ತದೆ. ಹಾಗಾಗಿ ಜೊಂಡು ಉಲಿಯಕ್ಕಿಗಳ ಬಳಗದ ಹಾಡಿನಲ್ಲಿ ಪುನರಾವರ್ತನೆ ಇಷ್ಟೊಂದು ಏಕಿದೆ ಎಂಬುದು ಅರ್ಥವಾಗುವಂಥದ್ದು: ಒಂದು ಪಲುಕು ಕಳೆದುಹೋದರೂ ಅದರ ಹಿಂದೆಯೇ ಬಂದ ಇನ್ನೊಂದು ತಲುಪುತ್ತದೆ. ಗಾಳಿ ತಣ್ಣಗಿರುವ ನಸುಕಿನ ಹೊತ್ತು ಅವುಗಳಿಗೆ ಪ್ರಿಯವಾಗಿರುವುದರಲ್ಲಿಯೂ ಇದೇ ಅನುಕೂಲವಿದೆ. ಹಾಡುವಾಗ ಗಂಡು ಜೊಂಡಿನ ಮೇಲ್ತುದಿಯವರೆಗೆ ಏರಿ ಬಂದು, ಮುಗಿದೊಡನೆ ಮತ್ತೆ ಕೆಳಗೆ ಜಾರುವುದನ್ನು ಕಂಡವರು ಬಹಳ ಮಂದಿ.

ಈ ಹಾಡಿನಲ್ಲಿ ಏನಿದೆ ಎಂಬುದರ ಬಗ್ಗೆ ಯುರೋಪಿನಲ್ಲಿ ನಡೆದ ಅಧ್ಯಯನಗಳು ಬಹಳ ತಿಳಿವಳಿಕೆ ಕೊಟ್ಟಿವೆ. ಇದೇ ಕುಲದ ಸೆಜ್ ಉಲಿಯಕ್ಕಿಯಲ್ಲಿ ಹೆಚ್ಚು ಬಗೆಯ ಪಲುಕುಗಳನ್ನು ಬಲ್ಲ ಗಂಡುಗಳಿಗೆ ಹೆಣ್ಣು ಬೇಗ ದೊರೆಯುತ್ತದೆ ಎಂಬುದನ್ನು ಕ್ಲೈವ್ ಕ್ಯಾಚ್‌ಪೋಲ್ 1980ರಲ್ಲಿ ತೋರಿಸಿದರು; ಜೊತೆ ಸಿಕ್ಕಿದೊಡನೆ ಆ ಹಕ್ಕಿ ಹಾಡುವುದನ್ನೇ ನಿಲ್ಲಿಸಿಬಿಡುತ್ತದೆ. 1996ರಲ್ಲಿ ಸ್ವೀಡನ್ನಿನ ಸರೋವರವೊಂದರ ದೊಡ್ಡ ಜೊಂಡು ಉಲಿಯಕ್ಕಿಗಳ ಮೇಲೆ ಪ್ರಕಟವಾದ ಅಧ್ಯಯನ ಇನ್ನೂ ಮುಂದೆ ಹೋಯಿತು. ತಂದೆಯ ಹಾಡಿನ ಸಂಗ್ರಹ ದೊಡ್ಡದಾದಷ್ಟೂ ಮರಿಗಳು ಬದುಕುಳಿಯುವ ಸಾಧ್ಯತೆ ಹೆಚ್ಚು ಎಂದು ಅದು ಕಂಡುಕೊಂಡಿತು. ಎಂದರೆ ಹಾಡು ಸುಮ್ಮನೆ ‘ನಾನಿಲ್ಲಿದ್ದೇನೆ’ ಎಂಬ ಸುದ್ದಿಯಲ್ಲ, ಹಾಡುವವನ ಮೈಕಸುವಿನ ಬಗ್ಗೆ ನಂಬಲರ್ಹ ಮಾಹಿತಿಯೂ ಹೌದು. ಜೌಗು ಉಲಿಯಕ್ಕಿಯ ವಿಷಯ ಎಲ್ಲಕ್ಕಿಂತ ಬೆರಗಿನದು. ಒಂದೊಂದು ಗಂಡೂ ಸರಾಸರಿ ಎಪ್ಪತ್ತಾರು ಬೇರೆ ಪ್ರಭೇದಗಳ ದನಿಗಳನ್ನು ಅನುಕರಿಸುತ್ತದೆ ಎಂದು ಫ್ರಾಂಸ್ವಾಸ್ ಡೌಸೆಟ್ ಲೆಮೇರ್ 1979ರಲ್ಲಿ ವರದಿ ಮಾಡಿದರು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಆಫ್ರಿಕದ ಹಕ್ಕಿಗಳವು. ಯುರೋಪಿನ ಕಾಲುವೆಯ ಬದಿಯಲ್ಲಿ ಹೆಣ್ಣನ್ನು ಕರೆಯುವ ಆ ಗಂಡಿನ ಹಾಡಿನಲ್ಲಿ ಅದು ಚಳಿಗಾಲ ಕಳೆದ ಖಂಡದ ದನಿಗಳು ಸೇರಿರುತ್ತವೆ. ನಮ್ಮಲ್ಲಿಗೆ ಬರುವ ಬ್ಲೈತ್ ಉಲಿಯಕ್ಕಿಯೂ ಒಳ್ಳೆಯ ಅನುಕರಣಕಾರ. ಆದರೆ ಫಿನ್ಲೆಂಡಿನಿಂದ ಸೈಬೀರಿಯದವರೆಗಿನ ತನ್ನ ತವರಿನಲ್ಲಿ ರಾತ್ರಿಯಿಡೀ ಹಾಡುವ ಈ ಹಕ್ಕಿಯ ಪೂರ್ಣ ಹಾಡು ಮುಂಬಯಿಯಲ್ಲಿ ಕೇಳಸಿಗುವುದು ಅಪರೂಪ. ಚಳಿಗಾಲದಲ್ಲಿ ಅದಕ್ಕೆ ಬೇಕಾದದ್ದು ಹುಳುಹುಪ್ಪಟೆಯೂ ತನ್ನದೇ ಒಂದು ಪೊದೆಯೂ ಅಷ್ಟೆ, ಅದಕ್ಕೆ ‘ಚೆಕ್’ ಸಾಕು.

ಹತ್ತು ಹನ್ನೆರಡು ಗ್ರಾಂ ತೂಕದ ದೇಹದಿಂದ ಹೊರಡುವ ದನಿ ಹೀಗೆ ನೂರಾರು ಅಡಿ ದಾಟುತ್ತದೆ, ಮರುಕ್ಷಣ ಇಲ್ಲವಾಗುತ್ತದೆ. ಸೆಳೆವ ಎಂಬ ಬೇಟೆಹಕ್ಕಿ ಬಂದರೆ ಹಕ್ಕಿ ಬಾಯಿ ಮುಚ್ಚಬಹುದು. ಮಣ್ಣಿನೊಳಗಿನ ಟ್ರಫಲ್‌ಗೆ ಈ ಸ್ವಾತಂತ್ರ್ಯವಿಲ್ಲ. ಅದರ ಕರೆ ಒಮ್ಮೆ ಶುರುವಾದರೆ ಕೊಳೆತು ಮುಗಿಯುವವರೆಗೂ ನಿಲ್ಲದು, ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ನುಸುಳಿ ನುಸುಳಿ ಮೇಲೆ ಬರಬೇಕಾದ್ದರಿಂದ ಅದು ನಿಧಾನ ಕೂಡ. ಅನಿಲದ ಅಣುಗಳು ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ನೀರು ಕಟ್ಟಿಕೊಂಡ ಮಣ್ಣಿನಲ್ಲಿ ವಾಸನೆ ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ. ಕಪ್ಪು ಟ್ರಫಲ್ ಒಲಿಯುವುದೂ ನೀರು ಬೇಗ ಬಸಿಯುವ, ಸುಣ್ಣಕಲ್ಲಿನ, ತುಸು ಕ್ಷಾರೀಯ ಮಣ್ಣಿಗೆ. ಅಂಥ ಮಣ್ಣಿನಲ್ಲಿಯೂ ದೂರ ಹೋಗಬಲ್ಲವು ಹಗುರವಾದ ಸಣ್ಣ ಅಣುಗಳೇ. ಟ್ರಫಲ್‌ನ ಪರಿಮಳದಲ್ಲಿ ಡಜನುಗಟ್ಟಲೆ ರಾಸಾಯನಿಕಗಳಿದ್ದರೂ ಅದರ ಗುರುತಿನ ಘಾಟಿಗೆ ಕಾರಣ ಗಂಧಕದ ಸಂಯುಕ್ತಗಳು. ಬೆಳ್ಳುಳ್ಳಿ ಮತ್ತು ಇಂಗಿನ ಘಾಟಿನ ಹಿಂದೆ ಇರುವುದೂ ಗಂಧಕವೇ.

ಇಲ್ಲೊಂದು ಪ್ರಸಿದ್ಧ ಕಥೆಯಿದೆ, ಅದನ್ನು ಬಿಡಿಸಿ ಹೇಳುವುದು ಅಗತ್ಯ. ಯುರೋಪಿನಲ್ಲಿ ಹಿಂದಿನಿಂದಲೂ ಹೆಣ್ಣು ಹಂದಿಗಳನ್ನು ಬಳಸಿ ಟ್ರಫಲ್ ಹುಡುಕುತ್ತಿದ್ದರು. 1981ರಲ್ಲಿ ಜರ್ಮನಿಯ ಸಂಶೋಧಕರು ಟ್ರಫಲ್‌ನಲ್ಲಿ ಆಂಡ್ರೊಸ್ಟೆನಾಲ್ ಎಂಬ ಸ್ಟೀರಾಯ್ಡ್ ಇರುವುದನ್ನು ಪತ್ತೆಹಚ್ಚಿದರು. ಅದು ಗಂಡು ಹಂದಿಯ ಜೊಲ್ಲಿನಲ್ಲಿಯೂ ಇರುವ, ಹೆಣ್ಣನ್ನು ಸೆಳೆಯುವ ವಸ್ತು. ಹಾಗಾದರೆ ಶಿಲೀಂಧ್ರ ಹಂದಿಗೆ ಸಂಗಾತಿಯ ಆಸೆ ತೋರಿಸಿ ಮೋಸ ಮಾಡುತ್ತಿದೆ ಎಂಬ ರೋಚಕ ವಿವರಣೆ ಎಲ್ಲೆಡೆ ಹಬ್ಬಿತು, ಇಂದಿಗೂ ಅದನ್ನು ಬರೆಯುವವರಿದ್ದಾರೆ. ಆದರೆ 1990ರಲ್ಲಿ ಫ್ರಾನ್ಸಿನ ಸಂಶೋಧಕರು ಬೇರೆಬೇರೆ ವಸ್ತುಗಳನ್ನು ನೆಲದಲ್ಲಿ ಹೂತು ಹಂದಿ ಮತ್ತು ನಾಯಿಗಳನ್ನು ಬಿಟ್ಟು ನೋಡಿದರು. ಪ್ರಾಣಿಗಳು ಆಂಡ್ರೊಸ್ಟೆನಾಲ್ ಇದ್ದ ಕಡೆ ಗಮನ ಕೊಡಲಿಲ್ಲ. ಡೈಮಿಥೈಲ್ ಸಲ್ಫೈಡ್ ಎಂಬ ಸಾಮಾನ್ಯ ಗಂಧಕದ ಸಂಯುಕ್ತ ಇದ್ದ ಕಡೆ ನೆಲ ಕೆದರಿದವು. ಎಂದರೆ ಟ್ರಫಲ್ ಯಾರನ್ನೂ ವಂಚಿಸುತ್ತಿಲ್ಲ. ಇಲ್ಲಿ ಆಹಾರವಿದೆ ಎನ್ನುತ್ತದೆ, ಅಗೆದರೆ ಆಹಾರವೇ ಸಿಗುತ್ತದೆ. ಬೀಜಕಗಳು ಬಲಿಯುವ ಮೊದಲು ಗಡ್ಡೆಗೆ ಈ ಪರಿಮಳ ಬಹುತೇಕ ಇರುವುದಿಲ್ಲವಾದ್ದರಿಂದ ಎಳೆಯ ಗಡ್ಡೆಯನ್ನು ಒಳ್ಳೆಯ ನಾಯಿಯೂ ದಾಟಿ ಹೋಗುತ್ತದೆ. ಪರಿಮಳದ ಒಂದು ಪಾಲನ್ನು ತಯಾರಿಸುವುದು ಶಿಲೀಂಧ್ರವೂ ಅಲ್ಲ, ಗಡ್ಡೆಯೊಳಗೆ ವಾಸಿಸುವ ಬ್ಯಾಕ್ಟೀರಿಯಾಗಳು. ಹಕ್ಕಿಯ ಹಾಡು ಒಂದೇ ಗಂಟಲಿನದು; ಟ್ರಫಲ್‌ನ ಕರೆ ಹಲವು ಜೀವಿಗಳು ಸೇರಿ ಕೊಡುವುದು. ಮುಂಬಯಿಯ ಹೋಟೆಲುಗಳಲ್ಲಿ ಆಲೂ ಫ್ರೈಸ್ ಮೇಲೆ ಚಿಮುಕಿಸುವ ಟ್ರಫಲ್ ಎಣ್ಣೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬಹುದು: ಅಂಥ ಎಣ್ಣೆಗಳಲ್ಲಿ ಬಹುಪಾಲು ಪ್ರಯೋಗಾಲಯದಲ್ಲಿ ತಯಾರಾದ ಒಂದೇ ಒಂದು ಗಂಧಕದ ಸಂಯುಕ್ತ ಬೆರೆಸಿದವು.

ವಂಚನೆಯನ್ನು ನೋಡಬೇಕಾದರೆ ಜೊಂಡಿಗೇ ಹಿಂದಿರುಗಬೇಕು. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಡುವುದು ನಮಗೆಲ್ಲ ಗೊತ್ತು. ಕೋಗಿಲೆಯ ದಾಯಾದಿಯಾದ ಯುರೋಪಿನ ಕುಕ್ಕೂ ಹಕ್ಕಿ ಅದೇ ಕೆಲಸವನ್ನು ಜೊಂಡು ಉಲಿಯಕ್ಕಿಯ ಗೂಡಿನಲ್ಲಿ ಮಾಡುತ್ತದೆ. ಇಂಗ್ಲೆಂಡಿನ ವಿಕನ್ ಫೆನ್ ಎಂಬ ಜೌಗಿನಲ್ಲಿ ಕೇಂಬ್ರಿಡ್ಜ್‌ನ ನಿಕ್ ಡೇವಿಸ್ ಮತ್ತು ಸಂಗಡಿಗರು ದಶಕಗಳ ಕಾಲ ಇದನ್ನು ಅಭ್ಯಸಿಸಿದ್ದಾರೆ. ಹೆಣ್ಣು ಕುಕ್ಕೂ ಹತ್ತಿರದ ಮರದಲ್ಲಿ ಕುಳಿತು ಗೂಡಿಗೆ ಹೋಗಿ ಬರುವವರನ್ನು ಗಮನಿಸುತ್ತದೆ, ಸಮಯ ನೋಡಿ ನುಗ್ಗಿ ಹತ್ತು ಸೆಕೆಂಡಿನಷ್ಟರಲ್ಲಿ ಮೊಟ್ಟೆಯಿಟ್ಟು ಹಾರುತ್ತದೆ. ಹಾರುವಾಗ ಅದು ಕೂಗುವ ಕೂಗು ಬೇಟೆಹಕ್ಕಿಯ ಕೂಗನ್ನು ಹೋಲುವುದರಿಂದ ಉಲಿಯಕ್ಕಿಯ ಗಮನ ಗೂಡಿನಿಂದ ತನ್ನ ಪ್ರಾಣದ ಕಡೆಗೆ ತಿರುಗುತ್ತದೆ ಎಂದು 2017ರ ಪ್ರಯೋಗವೊಂದು ತೋರಿಸಿತು. ಮೊಟ್ಟೆಯೊಡೆದು ಬಂದ ಕುಕ್ಕೂ ಮರಿ ಮಿಕ್ಕ ಮೊಟ್ಟೆಗಳನ್ನು ಬೆನ್ನ ಮೇಲೆ ಹೊತ್ತು ಗೂಡಿನಿಂದ ತಳ್ಳುತ್ತದೆ. ಆಮೇಲೆ ಅದು ಆಹಾರಕ್ಕಾಗಿ ಕೂಗುವ ರೀತಿ ಒಂದು ಮರಿಯ ಕೂಗಿನಂತಿರದೆ ಒಂದು ಗೂಡಿನ ತುಂಬ ಹಸಿದ ಉಲಿಯಕ್ಕಿ ಮರಿಗಳ ಕೂಗಿನಂತೆ ವೇಗವಾಗಿರುತ್ತದೆ. ಕಣ್ಣಿಗಿಂತ ಕಿವಿಯನ್ನು ನಂಬಿ ಬದುಕುವ ಹಕ್ಕಿಯನ್ನು ಕಿವಿಯ ಮೂಲಕವೇ ಸುಲಿಯುವ ಈ ರೀತಿಗಿಂತ ಕ್ರೂರವಾದದ್ದನ್ನು ಪಕ್ಷಿಲೋಕದಲ್ಲಿ ನಾನು ಓದಿಲ್ಲ. ಟ್ರಫಲ್‌ನ ವಾಸನೆಯನ್ನೂ ಕರೆಯದವರು ಕೇಳಿಸಿಕೊಳ್ಳುತ್ತಾರೆ. ಸುಯಿಲಿಯಾ ಎಂಬ ನೊಣಗಳು ಅದನ್ನು ಹಿಡಿದು ಬಂದು ಮೊಟ್ಟೆಯಿಡುತ್ತವೆ; ನೆಲದ ಮೇಲೆ ಆ ನೊಣಗಳು ಸುಳಿಯುವ ಜಾಗವನ್ನು ನೋಡಿ ಅಗೆಯುವ ಅನುಭವಿಗಳೂ ಇದ್ದಾರೆ. ಮನುಷ್ಯನೂ ಶಿಲೀಂಧ್ರದ ಪಾಲಿಗೆ ಕರೆಯದ ಅತಿಥಿಯೇ, ಏಕೆಂದರೆ ಅವನು ತಿಂದ ಟ್ರಫಲ್‌ನ ಬೀಜಕಗಳು ಕಾಡಿಗೆ ಮರಳುವುದಿಲ್ಲ. ಹಂದಿಗಳು ನೆಲವನ್ನು ಹಾಳುಮಾಡುತ್ತವೆಂದು ಇಟಲಿಯಲ್ಲಿ 1985ರಲ್ಲಿ ಅವುಗಳ ಬಳಕೆಯನ್ನು ನಿಷೇಧಿಸಲಾಯಿತು. ಅಲ್ಲಿನ ನಾಯಿಗಳ ಜೊತೆಗಿನ ಟ್ರಫಲ್ ಬೇಟೆ 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಕರಾವಳಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದವರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ: ಹಾಗಾದರೆ ನಮ್ಮ ಕಲ್ಲಣಬೆಯೂ ಟ್ರಫಲ್ಲೇ? ಜೂನ್ ತಿಂಗಳಲ್ಲಿ ಮೊದಲ ಮಳೆಗುಡುಗುಗಳ ಬೆನ್ನಿಗೆ ಕಾರ್ಕಳ, ಬೆಳ್ತಂಗಡಿಯ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಯಾರಾದರೂ ಒಂದು ಪೊಟ್ಟಣ ತಂದುಕೊಟ್ಟರೆ ಡೊಂಬಿವಲಿಯ ಮನೆಯಲ್ಲೂ ಅದು ಹಬ್ಬವೇ. ತುಳುವರು ಕಲ್ಲಲಾಂಬು ಎನ್ನುವ ಈ ಉರುಟು ಅಣಬೆಗಳನ್ನು ಮೊದಲು ನಾಲ್ಕೈದು ನೀರಿನಲ್ಲಿ ತಿಕ್ಕಿ ತೊಳೆಯಬೇಕು, ಮುರಕಲ್ಲಿನ ಕೆಂಪು ಮಣ್ಣು ಅಷ್ಟು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಬಳಿಕ ಒಂದೊಂದನ್ನೂ ಎರಡಾಗಿ ಸೀಳಬೇಕು. ಒಳಗೆ ಬೆಣ್ಣೆಯಂತೆ ಬಿಳಿಯಾಗಿದ್ದರೆ ಪಾತ್ರೆಗೆ, ಕಪ್ಪುಗಟ್ಟಿದ್ದರೆ ಹೊರಗೆ. ಆ ಕಪ್ಪೇ ನಮ್ಮ ಪ್ರಶ್ನೆಗೆ ಉತ್ತರ. ಕಲ್ಲಣಬೆ ಆಸ್ಟ್ರೇಯಸ್ ಕುಲದ್ದು. ಟ್ರಫಲ್‌ಗಿಂತ ಸಾಮಾನ್ಯ ಅಣಬೆಗಳಿಗೇ ಅದು ಹತ್ತಿರ. ಟ್ರಫಲ್‌ನಂತೆಯೇ ಅದೂ ಮರದ ಬೇರನ್ನು ಆಶ್ರಯಿಸಿದೆ, ಕರಾವಳಿಯಲ್ಲಿ ಕಿರಾಲಬೋಗಿಯಂಥ ಮರಗಳು, ಜಾರ್ಖಂಡದಲ್ಲಿ ಸಾಲ ವೃಕ್ಷ. ಅಲ್ಲಿ ಅದನ್ನು ರುಗ್ಡಾ ಎಂದು ಕರೆದು ನಮ್ಮಷ್ಟೇ ಪ್ರೀತಿಯಿಂದ ತಿನ್ನುತ್ತಾರೆ. ಆದರೆ ಅದು ನೆಲದೊಳಗಿರುವುದು ಎಳೆತನದಲ್ಲಿ ಮಾತ್ರ. ಬಲಿತಾಗ ಮೇಲಕ್ಕೆ ಬಂದು, ಹೊರಸಿಪ್ಪೆ ನಕ್ಷತ್ರದಾಕಾರದಲ್ಲಿ ಬಿರಿದು, ಒಳಗಿನ ಬಿಳಿಯೆಲ್ಲ ಕಪ್ಪು ಹುಡಿಯಾಗುತ್ತದೆ. ಮಳೆಹನಿ ಬಿದ್ದಾಗ ಆ ಹುಡಿ ಹೊಗೆಯಂತೆ ಹಾರುತ್ತದೆ. ಬೀಜಕ ಹರಡಲು ಗಾಳಿಯಿರುವಾಗ ಪ್ರಾಣಿಯನ್ನು ಕರೆಯುವ ಗರಜು ಅದಕ್ಕಿಲ್ಲ, ಆದ್ದರಿಂದ ದೂರಕ್ಕೆ ಹರಡುವ ವಾಸನೆಯೂ ಇಲ್ಲ. ನಮ್ಮ ಊರಿನಲ್ಲಿ ಅದನ್ನು ನಾಯಿಯಿಂದ ಹುಡುಕಿಸದೆ, ಮೇಲ್ಮಣ್ಣು ತುಸು ಉಬ್ಬಿದ್ದನ್ನು ಕಣ್ಣಿನಿಂದಲೇ ಗುರುತಿಸಿ ಕಡ್ಡಿಯಿಂದ ಕೆದರುವುದು ಇದೇ ಕಾರಣಕ್ಕೆ.

ಕರೆಯ ಸ್ವರೂಪವನ್ನು ನಿರ್ಧರಿಸುವುದು ಕರೆಯುವವರಲ್ಲ, ಬರಬೇಕಾದವರು ಎಂಬುದಕ್ಕೆ ಇದಕ್ಕಿಂತ ಚೆಲುವಾದ ನಿದರ್ಶನ ದಕ್ಷಿಣ ಗೋಳಾರ್ಧದಲ್ಲಿದೆ, ಅಲ್ಲಿ ಹಕ್ಕಿಯೂ ಟ್ರಫಲ್ಲೂ ನೇರವಾಗಿಯೇ ಭೇಟಿಯಾಗುತ್ತವೆ. ಆಸ್ಟ್ರೇಲಿಯದ ಪೊಟರೂ, ಉತ್ತರ ಅಮೆರಿಕದ ಹಾರುವ ಅಳಿಲು ಮುಂತಾದ ಸಸ್ತನಿಗಳು ನೆಲದಡಿಯ ಶಿಲೀಂಧ್ರಗಳನ್ನು ವಾಸನೆಯಿಂದ ಹುಡುಕಿ ತಿಂದು ಹಿಕ್ಕೆಯ ಮೂಲಕ ಹರಡುತ್ತವೆ. ಆ ಅಳಿಲನ್ನು ತಿಂದು ಬದುಕುವ ಚುಕ್ಕಿಗೂಬೆ ತನಗೆ ತಿಳಿಯದೆಯೇ ಶಿಲೀಂಧ್ರಕ್ಕೆ ಋಣಿ. ಆದರೆ ದಕ್ಷಿಣ ಅಮೆರಿಕದ ತೆಂಕಣ ತುದಿಯ ಪ್ಯಾಟಗೋನಿಯದ ಕಾಡಿನಲ್ಲಿ ಚುಕಾವೊ ಮತ್ತು ಹುಯೆಟ್ ಹುಯೆಟ್ ಎಂಬ ನೆಲಹಕ್ಕ‌ಿಗಳು ಟ್ರಫಲ್‌ನಂಥ ಶಿಲೀಂಧ್ರಗಳನ್ನು ನಿತ್ಯದ ಆಹಾರವಾಗಿ ತಿನ್ನುತ್ತವೆ, ಅವುಗಳ ಹಿಕ್ಕೆಯಲ್ಲಿ ಬೀಜಕಗಳು ಜೀವಂತವಾಗಿಯೇ ಹೊರಬರುತ್ತವೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಹಕ್ಕಿಗಳು ಹುಡುಕುವುದು ಮುಖ್ಯವಾಗಿ ಕಣ್ಣಿನಿಂದ. ಅದಕ್ಕೆ ತಕ್ಕಂತೆ ಅಲ್ಲಿನ ಕೆಲವು ಶಿಲೀಂಧ್ರಗಳು ನೆಲದ ಮಟ್ಟಕ್ಕೆ ಬಂದು ಹಣ್ಣುಗಳನ್ನು ಹೋಲುವ ಗಾಢ ಬಣ್ಣ ತಾಳಿವೆ. ಯುರೋಪಿನ ಟ್ರಫಲ್‌ನಲ್ಲಿ ಬಣ್ಣವೇನಿದ್ದರೂ ಕತ್ತಲಲ್ಲಿ ವ್ಯರ್ಥ, ಪ್ಯಾಟಗೋನಿಯದಲ್ಲಿ ಅದೇ ಆಮಂತ್ರಣ.

ನೆಲೆಯ ಮೇಲಿನ ಅವಲಂಬನೆಯಲ್ಲಿ ಎರಡೂ ಒಂದೇ ಎನ್ನಬಹುದಾದರೂ ಅದರ ಬಗೆ ಬೇರೆ. ಹಕ್ಕಿಗೆ ಜೊಂಡು ಮನೆಯ ಕಂಬ. ಮೂರು ನಾಲ್ಕು ದಂಟುಗಳನ್ನು ಸೇರಿಸಿ ಹುಲ್ಲಿನ ಎಳೆಗಳಿಂದ ಹೆಣೆದು, ನೀರಿನ ಮೇಲೆ ತೂಗುವ ಆಳವಾದ ಬಟ್ಟಲಿನಂಥ ಗೂಡನ್ನು ಅದು ಕಟ್ಟುತ್ತದೆ. ಗಾಳಿಗೆ ದಂಟು ಬಾಗಿದರೂ ಮೊಟ್ಟೆ ಉರುಳದಿರಲು ಆ ಆಳ ಬೇಕು. ಜೊಂಡಿಗೆ ಹಕ್ಕಿಯಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಟ್ರಫಲ್ ಮತ್ತು ಮರದ ನಡುವೆ ಮಾತ್ರ ಕೊಡುಕೊಳ್ಳುವಿಕೆಯಿದೆ: ಶಿಲೀಂಧ್ರ ನೀರನ್ನೂ ಖನಿಜಗಳನ್ನೂ ತಂದುಕೊಡುತ್ತದೆ, ಮರ ಸಕ್ಕರೆ ಕೊಡುತ್ತದೆ. ಈ ನಂಟು ತಿಳಿದುಬಂದದ್ದೇ ಟ್ರಫಲ್‌ನ ದೆಸೆಯಿಂದ. ಟ್ರಫಲ್ ಕೃಷಿಯ ದಾರಿ ಹುಡುಕಿಕೊಡಿ ಎಂದು ಪ್ರಷ್ಯಾದ ಸರಕಾರ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಎಂಬ ಸಸ್ಯಶಾಸ್ತ್ರಜ್ಞರಿಗೆ ವಹಿಸಿತ್ತು. ಅವರು ಕೃಷಿಯ ದಾರಿ ಕಾಣದಿದ್ದರೂ 1885ರಲ್ಲಿ ಬೇರು ಮತ್ತು ಶಿಲೀಂಧ್ರಗಳ ಈ ಕೂಡುಬಾಳನ್ನು ವಿವರಿಸಿ ಅದಕ್ಕೆ ಮೈಕೊರೈಜಾ ಎಂಬ ಹೆಸರಿಟ್ಟರು. ಅದಕ್ಕೂ ಮೊದಲೇ, 19ನೇ ಶತಮಾನದ ಆರಂಭದಲ್ಲಿ, ಫ್ರಾನ್ಸಿನ ಜೋಸೆಫ್ ತಾಲೋಂ ಎಂಬ ರೈತ ಟ್ರಫಲ್ ಸಿಗುವ ಓಕ್‌ಗಳ ಕೆಳಗಿನ ಬೀಜಗಳನ್ನು ಬಿತ್ತಿ, ಕೆಲವು ವರ್ಷಗಳ ಬಳಿಕ ಆ ಮರಗಳಡಿ ಟ್ರಫಲ್ ಪಡೆದಿದ್ದ. ಮರವನ್ನು ಕಡಿದರೆ ಟ್ರಫಲ್ ಹೋಗುತ್ತದೆ ಎಂಬುದು ಅಲ್ಲಿನ ರೈತರಿಗೆ ಗೊತ್ತು, ಹಾಗಾಗಿ ಅವರು ಮರ ಕಾಯುತ್ತಾರೆ. ಜೊಂಡಿಗೆ ಅಂಥ ಕಾವಲಿಲ್ಲ. ಕಾಂಡ್ಲಾ ಕಡಿಯುವುದನ್ನು ಬಾಂಬೆ ಹೈಕೋರ್ಟ್ 2005ರಿಂದಲೇ ತಡೆದಿದೆ, ಆದರೆ ಅದರ ಬೆನ್ನಿಗಿರುವ ಜೊಂಡಿನ ತಗ್ಗುಗಳನ್ನು ನಮ್ಮ ನಗರ ಇಂದಿಗೂ ಕಟ್ಟಡದ ಅವಶೇಷ ಸುರಿಯುವ ಖಾಲಿ ಜಾಗವೆಂದೇ ಎಣಿಸುತ್ತದೆ. ಒಂದು ಲಾರಿ ಅವಶೇಷ ಬಿದ್ದ ಕಡೆ ಮುಂದಿನ ಚಳಿಗಾಲದಲ್ಲಿ ಹಕ್ಕಿಗೆ ಹಿಡಿಯಲು ದಂಟಿರುವುದಿಲ್ಲ.

ಇಷ್ಟು ಅಡಗಿ ಬದುಕುವವುಗಳನ್ನು ಗುರುತಿಸುವಲ್ಲಿ ವಿಜ್ಞಾನಿಗಳೂ ಬಹುಕಾಲ ತಡವರಿಸಿದ್ದಾರೆ, ಮತ್ತು ಎರಡೂ ಕಡೆ ಆ ಪ್ರಕರಣ ಶುರುವಾದದ್ದು ನಮ್ಮ ಹಿಮಾಲಯದಲ್ಲಿ. 1867ರಲ್ಲಿ ಎ. ಒ. ಹ್ಯೂಮ್ ಸಟ್ಲೆಜ್ ಕಣಿವೆಯ ರಾಂಪುರದ ಬಳಿ ಒಂದು ಜೊಂಡು ಉಲಿಯಕ್ಕಿಯನ್ನು ಸಂಗ್ರಹಿಸಿದರು. ದೊಡ್ಡ ಕೊಕ್ಕಿನ ಆ ಹಕ್ಕಿ ಬಹುಕಾಲ ಮತ್ತೆ ಯಾರ ಗುರುತಿಗೂ ಸಿಗಲಿಲ್ಲ. ಅದು ಬೇರೆಯೇ ಪ್ರಭೇದವೆಂದು 2002ರಲ್ಲಿ ಡಿಎನ್ಎ ಖಚಿತಪಡಿಸಿತು, 2006ರ ಮಾರ್ಚ್‌ನಲ್ಲಿ ಥಾಯ್ಲೆಂಡಿನಲ್ಲಿ ಬಲೆಗೆ ಬಿದ್ದ ಹಕ್ಕಿಯೊಂದು ಅದೇ ಪ್ರಭೇದವೆಂದು ತಿಳಿಯಿತು. ಬಳಿಕ ಹುಡುಕಿದಾಗ ಸಂಗ್ರಹಾಲಯಗಳ ಡ್ರಾಯರುಗಳಲ್ಲಿಯೇ, ಬ್ಲೈತ್ ಉಲಿಯಕ್ಕಿ ಮುಂತಾದ ಚೀಟಿಗಳಡಿಯಲ್ಲಿ, ಅದರ ಇನ್ನಷ್ಟು ಮಾದರಿಗಳು ಸಿಕ್ಕವು. ಅದರ ಸಂತಾನಾಭಿವೃದ್ಧಿಯ ನೆಲೆ ಆಫ್ಘಾನಿಸ್ತಾನದ ಬದಕ್‌ಶಾನ್‌ನಲ್ಲಿ ಪತ್ತೆಯಾಗಲು ದಾರಿ ತೋರಿಸಿದ್ದು 2008ರಲ್ಲಿ ಅಲ್ಲಿ ಧ್ವನಿಮುದ್ರಿಸಿದ ಒಂದು ಹಾಡು. ಟ್ರಫಲ್‌ನ ಪ್ರಕರಣ ಹಿಮಾಲಯದಿಂದ ಬಂದ ಮಾದರಿಯ ಮೇಲೆ 1892ರಲ್ಲಿ ವಿವರಿಸಲಾದ ಟ್ಯೂಬರ್ ಇಂಡಿಕಮ್‌ನದು. ಚೀನಾದಿಂದ ಈಗ ಹೇರಳವಾಗಿ ರಫ್ತಾಗುವ ಇದು ಯುರೋಪಿನ ಕಪ್ಪು ಟ್ರಫಲ್‌ನಂತೆಯೇ ಕಾಣುತ್ತದೆ, ಪರಿಮಳ ಮಾತ್ರ ತೀರ ಮಂಕು; ಅಸಲಿಯ ಜೊತೆ ಬೆರೆಸಿ ಮಾರುವ ದಂಧೆಯನ್ನು ಹಿಡಿಯಲು ಅಲ್ಲಿಯೂ ಡಿಎನ್ಎ ಪರೀಕ್ಷೆಯೇ ಬೇಕಾಗುತ್ತದೆ. 2008ರಲ್ಲಿ ಇಟಲಿಯ ಒಂದು ಟ್ರಫಲ್ ತೋಟದಲ್ಲಿ, ಕಪ್ಪು ಟ್ರಫಲ್‌ಗೆಂದು ನೆಟ್ಟ ಮರಗಳ ಬೇರಿನಲ್ಲಿ ಟ್ಯೂಬರ್ ಇಂಡಿಕಮ್ ನೆಲೆಯೂರಿರುವುದು ವರದಿಯಾಯಿತು. ಒಂದೂ ಗಡ್ಡೆ ಸಿಗದ ನೆಲದಲ್ಲಿಯೂ ಈಗ ಒಂದು ಚಿಟಿಕೆ ಮಣ್ಣಿನಿಂದ ಕವಕಜಾಲ ಯಾವ ಪ್ರಭೇದದ್ದು ಎಂದು ಸಂಶೋಧಕರು ಹೇಳಬಲ್ಲರು.